ಅತ್ತೆ ನೋಡದ ದ್ವೀಪ, ನಮ್ಮನೆ ಒರಳುಕಲ್ಲು

ಬಸವೇಶ್ವರನಗರದ ನಮ್ಮ ಹಳೇ ಮನೆ ಬಿಟ್ಟುಕೊಡೋ ದಿನ ಹತ್ರ ಬಂತು ಅಂತ ನಿಮಗೆಲ್ಲ ಗೊತ್ತೇ ಇದೆ. ಸೈಟು ಬಿಲ್ಡರ್‌ಗೆ ಕೊಟ್ಟಾಯ್ತು. ನಾಲ್ಕು ಮಹಡಿ ಏಳುತ್ತಂತೆ, ಅದ್ರಲ್ಲಿ ಎರಡು ಮನೆ ನಮಗೆ ಅಂತ ಮಾತು. ಹಂಚಿಕೆ ಶುರುವಾದ ಮೇಲೆ ಒಬ್ಬೊಬ್ಬರೂ ಒಂದೊಂದು ಕೇಳಿದ್ರು. ನಾದಿನಿಗೆ ಹಿತ್ತಾಳೆ ಕೊಳಗ, ಓರಗಿತ್ತಿಗೆ ತೇಗದ ಬೀರು, ಮಗಳಿಗೆ ಅವರಜ್ಜನ ಗಡಿಯಾರ. ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಕೂತಿರೋ ಒರಳುಕಲ್ಲನ್ನ ಮಾತ್ರ ಯಾರೂ ಕೇಳಲಿಲ್ಲ. "ಅದೇನು ಬಿಡಿ ಅತ್ತಿಗೆ, ಜೆಸಿಬಿ ಬಂದಾಗ ಮಣ್ಣಿನ ಜೊತೆ ಹೋಗುತ್ತೆ" ಅಂದ್ರು ಮೈದುನ.

ಅತ್ತೆ ಅಲ್ಲೇ ಕೂತು ಅವರೆಕಾಯಿ ಸುಲೀತಿದ್ರು. ತಲೆ ಎತ್ತಲಿಲ್ಲ. ಆಮೇಲೆ ರಾತ್ರಿ ನಾನು ಹಾಲು ಕೊಡೋಕೆ ಹೋದಾಗ, "ಅದನ್ನ ಮಾಗಡಿ ರಸ್ತೆಯಿಂದ ಎತ್ತಿನ ಗಾಡೀಲಿ ತಂದದ್ದು. ಗಾಡಿಯವನು ಎರಡು ರೂಪಾಯಿ ಹೆಚ್ಚಿಗೆ ಕೇಳ್ದ" ಅಂದ್ರು. ಅಷ್ಟೇ. ಐವತ್ತು ವರ್ಷದ ಹಿಂದಿನ ಆ ಎರಡು ರೂಪಾಯಿ ಅವರಿಗಿನ್ನೂ ನೆನಪಿದೆ.

ನಮ್ಮತ್ತೆಯ ತವರು ಬಾರ್ಕೂರು ಹತ್ತಿರದ ಹಳ್ಳಿ. ಈ ಊರಿಗೆ ಬಂದು ಇಷ್ಟು ವರ್ಷವಾದ್ರೂ ಬೇಜಾರಾದಾಗ, ಖುಷಿಯಾದಾಗ ಆ ಕಡೆ ಮಾತೇ ಬರೋದು. ನಾನು ಸುಮ್ನಿರಲಾರದೆ ಕೇಳಿದೆ: "ನಿಮ್ಮೂರಲ್ಲೆಲ್ಲ ಕೆಂಪು ಕಲ್ಲಲ್ವಾ ಅತ್ತೆ? ಅದರಲ್ಲಿ ಒರಳು ಮಾಡ್ತಿದ್ರಾ?" ಅವರಿಗೆ ನಗು ಬಂತು. "ಗ್ವಾಡಿಗೆ ಮುರಕಲ್ಲ್, ಅಡ್ಗಿಮನಿಗೆ ಕರಿಕಲ್ಲ್. ಮುರಕಲ್ಲಲ್ಲಿ ಅರೆದ್ರೆ ದೋಸೆ ತುಂಬ ಕೆಂಪು ಮಣ್ಣೇ" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನು ಕೇಳದೇ ಇದ್ದ ಮಾತೊಂದನ್ನ ಹೇಳಿದ್ರು: "ನಂಗ್ ಒಂದ್ಸಲ ಆ ದ್ವೀಪ ಕಾಣ್ಕ್."

ಅವರು ಹೇಳಿದ್ದು ಮಲ್ಪೆ ಸಮುದ್ರದೊಳಗಿರೋ ಸೇಂಟ್ ಮೇರೀಸ್ ದ್ವೀಪ. ಚಿಕ್ಕವರಿದ್ದಾಗ ಅಮಾವಾಸ್ಯೆ ಸಮುದ್ರಸ್ನಾನಕ್ಕೆ ಕೋಡಿ ಬೆಂಗ್ರೆ ಕಡೆ ಹೋದಾಗ ದೂರದಲ್ಲಿ ಒಂದು ಕಪ್ಪು ಗೆರೆ ಹಾಗೆ ಕಾಣೋದಂತೆ. ಅಣ್ಣಂದಿರು ದೋಣೀಲಿ ಹೋಗಿ ಬಂದು, ಅಲ್ಲಿ ಯಾರೋ ಕಂಬ ಕಡಿದು ನಿಲ್ಲಿಸಿದ ಹಾಗೆ ಕಲ್ಲಿದೆ, ಒಂದಕ್ಕೊಂದು ಅಂಟಿಕೊಂಡಿದೆ, ಎಲ್ಲಕ್ಕೂ ಲೆಕ್ಕ ಹಾಕಿದ ಹಾಗೆ ಮೂಲೆ ಇದೆ ಅಂತ ಹೇಳೋರಂತೆ. ಹೆಣ್ಣುಮಕ್ಕಳನ್ನ ದೋಣಿ ಹತ್ತಿಸೋ ಮಾತೇ ಇರಲಿಲ್ಲ. ಮದುವೆಯಾಯ್ತು, ಘಟ್ಟ ಹತ್ತಿ ಬಂದ್ರು, ಮುಗೀತು. ಎಪ್ಪತ್ತೊಂಬತ್ತು ವರ್ಷವಾದ ಮೇಲೆ ಈಗ ಬಾಯಿಬಿಟ್ಟು ಕೇಳಿದ್ರು. ಜನವರೀಲಿ ಕರ್ಕೊಂಡು ಹೋಗೋದು ಅಂತ ತೀರ್ಮಾನ ಮಾಡಿದ್ವಿ.

ಹೊರಡೋ ಮುಂಚೆ ನಾನು ಸ್ವಲ್ಪ ಓದಿಕೊಂಡೆ. ಒರಳುಕಲ್ಲಿಂದ ಶುರುವಾದದ್ದು ಎಲ್ಲೆಲ್ಲಿಗೋ ಕರ್ಕೊಂಡು ಹೋಯ್ತು. ಅದನ್ನೇ ನಿಮಗೂ ಹೇಳ್ತೀನಿ.

ಮೊದಲು ನಮ್ಮೂರಿನ ಕಲ್ಲು. ಬೆಂಗಳೂರಲ್ಲಿ ಹಳೇ ಮನೆ ಕಟ್ಟಿಸಿದೋರಿಗೆ ಸೈಜುಗಲ್ಲು ಅಂದ್ರೆ ಹೇಳಿಕೊಡಬೇಕಾಗಿಲ್ಲ. ಪಾಯಕ್ಕೆ ಸೈಜುಗಲ್ಲು, ಮೋಲ್ಡಿಂಗ್‌ಗೆ ಜಲ್ಲಿ, ಕಾಂಪೌಂಡಿಗೆ ಚಪ್ಪಡಿ, ಹಿತ್ತಲಿಗೆ ಒಗೆಯೋ ಕಲ್ಲು, ಅಡುಗೆಮನೆಗೆ ಒರಳು. ಎಲ್ಲ ಒಂದೇ ಕುಲ: ಗ್ರಾನೈಟು, ಇಲ್ಲವೇ ಗ್ರಾನೈಟಿನ ನೆಂಟ ನೈಸು. ಈ ನೈಸ್ ಶಿಲೆಯನ್ನ ಕಣ್ತುಂಬ ನೋಡಬೇಕು ಅಂದ್ರೆ ಲಾಲ್‌ಬಾಗಿಗೆ ಹೋಗಿ. ಕೆಂಪೇಗೌಡರ ಗೋಪುರ ಇರೋ ಬಂಡೆ ಇದೆಯಲ್ಲ, ನಾವೆಲ್ಲ ಮಕ್ಕಳನ್ನ ಜಾರಿಸಿ ಚಡ್ಡಿ ಹರಿಸಿಕೊಂಡ ಬಂಡೆ, ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಗೇ ಸುಮಾರು 450 ಕೋಟಿ ವರ್ಷ ಅಂದ್ರೆ ಲೆಕ್ಕ ಹಾಕಿಕೊಳ್ಳಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿ ಫಲಕ ಹಾಕಿದೆ. ಹತ್ರ ಹೋಗಿ ನೋಡಿದ್ರೆ ಬಂಡೆ ಮೈಮೇಲೆ ಬಿಳಿ, ಬೂದು, ಕಪ್ಪು ಪಟ್ಟೆಗಳು ಮಡಚಿ ಸುತ್ತಿಕೊಂಡಿರುತ್ವೆ, ಎರಡು ಬಣ್ಣದ ಹಿಟ್ಟನ್ನ ಅರ್ಧಂಬರ್ಧ ನಾದಿದ ಹಾಗೆ.

ಈ ಕಲ್ಲುಗಳನ್ನ ಕ್ರಮವಾಗಿ ಓದೋ ಕೆಲಸ ನಮ್ಮ ಸಂಸ್ಥಾನದಲ್ಲಿ ಬೇಗನೇ ಶುರುವಾಗಿತ್ತು. 1894ರಲ್ಲೇ ಮೈಸೂರು ಸರ್ಕಾರ ತನ್ನದೇ ಭೂವಿಜ್ಞಾನ ಇಲಾಖೆ ಮಾಡಿಕೊಂಡಿತು. ಅದರ ಮೊದಲ ಮುಖ್ಯಸ್ಥರು ರಾಬರ್ಟ್ ಬ್ರೂಸ್ ಫೂಟ್. ಅವರ ನಂತರ ಬಂದ ಸ್ಮೀತ್ ಅನ್ನೋರು 1916ರಲ್ಲಿ ಈ ಪಟ್ಟೆ ಬಂಡೆಗೆ ಪೆನಿನ್ಸುಲಾರ್ ನೈಸ್, ಅಂದ್ರೆ ಪರ್ಯಾಯ ದ್ವೀಪದ ನೈಸ್ ಅಂತ ಹೆಸರಿಟ್ಟರು. ದಕ್ಷಿಣ ಭಾರತದ ಅಡಿಪಾಯವೇ ಈ ಕಲ್ಲು. ನಮ್ಮ ಮನೆ ಪಾಯಕ್ಕೆ ಸೈಜುಗಲ್ಲು ಹಾಕಿದ್ರಲ್ಲ, ಹಾಗೆ ಇಡೀ ನಾಡಿಗೆ ಇದು ಸೈಜುಗಲ್ಲು.

ಇನ್ನು ಅತ್ತೆಯ ಮುರಕಲ್ಲು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಅನ್ನೋ ವೈದ್ಯರು ಮದರಾಸಿಂದ ಹೊರಟು ಮೈಸೂರು, ಮಲಬಾರು, ಕೆನರಾ ಎಲ್ಲ ಸುತ್ತಿ, ಕಂಡದ್ದನ್ನೆಲ್ಲ ಬರೆದುಕೊಂಡ್ರು. ಮಲಬಾರಿನ ಅಂಗಡಿಪುರದಲ್ಲಿ ಜನ ಮಚ್ಚಿನಂಥ ಹತ್ಯಾರದಲ್ಲಿ ನೆಲದಿಂದಲೇ ಇಟ್ಟಿಗೆ ಕೊಯ್ದು ತೆಗೀತಿದ್ದದ್ದು ಅವರಿಗೆ ಆಶ್ಚರ್ಯ ಆಯ್ತು. ತೆಗೆದಾಗ ಮೆತ್ತಗೆ, ಗಾಳಿ ಬಿಸಿಲು ತಗುಲಿದ ಮೇಲೆ ಗಟ್ಟಿ. 1807ರಲ್ಲಿ ಅಚ್ಚಾದ ಪುಸ್ತಕದಲ್ಲಿ ಅದಕ್ಕೆ ಲ್ಯಾಟರೈಟ್ ಅಂತ ಹೆಸರು ಕೊಟ್ರು. ಲ್ಯಾಟಿನ್ನಲ್ಲಿ ಲೇಟರ್ ಅಂದ್ರೆ ಇಟ್ಟಿಗೆ. ಇವತ್ತು ಪ್ರಪಂಚದ ಎಲ್ಲ ಕಡೆ ಅದೇ ಹೆಸರು. ನಮ್ಮತ್ತೆ ಮನೆ ಗೋಡೆಗೆ ಅಷ್ಟು ದೊಡ್ಡ ಹೆಸರಿದೆ ಅಂತ ಅವರಿಗೇ ಗೊತ್ತಿರಲಿಲ್ಲ.

ಮುರಕಲ್ಲು ಬೇರೆ ಎಲ್ಲಿಂದಲೋ ಬಂದ ಕಲ್ಲಲ್ಲ. ಇದ್ದ ಕಲ್ಲೇ ಲಕ್ಷಾಂತರ ವರ್ಷ ಕರಾವಳಿಯ ಮಳೆಗೆ ನೆನೆದು ನೆನೆದು, ಕರಗೋದೆಲ್ಲ ಕರಗಿ ಹರಿದುಹೋಗಿ, ಕಬ್ಬಿಣ ಮತ್ತೆ ಅಲ್ಯೂಮಿನಿಯಂ ಅಂಶ ಉಳಿದುಕೊಂಡದ್ದು. ಕಾಫಿ ಫಿಲ್ಟರಲ್ಲಿ ಡಿಕಾಕ್ಷನ್ ಎಲ್ಲ ಇಳಿದ ಮೇಲೆ ಚರಟ ಉಳಿಯುತ್ತಲ್ಲ, ಹಾಗೆ. ಆ ಕೆಂಪು ಬಣ್ಣ ಕಬ್ಬಿಣದ ತುಕ್ಕು. ಅದಕ್ಕೇ ಅದರಲ್ಲಿ ಒರಳು ಆಗಲ್ಲ. ಒರಳಿಗೆ ಕೆಳಗಿನ ಗಟ್ಟಿ ಕಲ್ಲೇ ಬೇಕು. ಕರಾವಳಿಯಲ್ಲೂ ಮುರಕಲ್ಲಿನ ಅಡಿಯಲ್ಲಿ ಬಹಳ ಕಡೆ ಇರೋದು ನಮ್ಮ ಗ್ರಾನೈಟು, ನೈಸಿನ ಜಾತಿಯೇ. ಕಾರ್ಕಳದ ಗೊಮ್ಮಟನನ್ನ 1432ರಲ್ಲಿ ನಿಲ್ಲಿಸಿದ್ದು ಅಂಥ ಗಟ್ಟಿ ಕಲ್ಲಲ್ಲೇ. ನಮ್ಮ ಬೇಲೂರು ಹಳೇಬೀಡಿನ ಶಿಲ್ಪಿಗಳು ಬಳಪದ ಕಲ್ಲು ಆರಿಸಿಕೊಂಡ್ರು, ಅದಕ್ಕೇ ಆ ಬಳೆ, ಆ ಸರ, ಅಷ್ಟು ಸಣ್ಣ ಕುಸುರಿ. ಗ್ರಾನೈಟಲ್ಲಿ ಅಂಥ ಕುಸುರಿ ಕಷ್ಟ. ಯಾವ ಕೆಲಸಕ್ಕೆ ಯಾವ ಕಲ್ಲು ಅನ್ನೋದು ನಮ್ಮ ಹಿಂದಿನವರಿಗೆ ಪುಸ್ತಕ ಓದದೆಯೇ ಗೊತ್ತಿತ್ತು, ನಮಗೆ ಯಾವ ಅಕ್ಕಿ ದೋಸೆಗೆ, ಯಾವ ಅಕ್ಕಿ ಅನ್ನಕ್ಕೆ ಅಂತ ಗೊತ್ತಿರೋ ಹಾಗೆ.

ಸರಿ, ಹೊರಟ್ವಿ. ರಾತ್ರಿ ವಿಜಯನಗರದಲ್ಲಿ ಬಸ್ಸು ಹತ್ತಿ, ಬೆಳಿಗ್ಗೆ ಉಡುಪಿ. ಮೊದಲನೇ ದಿನ ಅತ್ತೆಗೆ ಸುಸ್ತು ಅಂತ ಕಾಪುಗೆ ಮಾತ್ರ ಹೋದ್ವಿ. ಅಲ್ಲಿ ಮರಳಿನ ಮಧ್ಯೆ ಸಮುದ್ರಕ್ಕೆ ಎದೆ ಕೊಟ್ಟು ನಿಂತಿರೋ ಬಂಡೆ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇದೆ. ಇಷ್ಟು ವರ್ಷ ಅಲೆ ಬಡಿದ್ರೂ ಜಗ್ಗಿಲ್ಲ. ಆ ಬಂಡೆ ಕಂಡಾಗ ನನಗೆ ಲಾಲ್‌ಬಾಗೇ ನೆನಪಾಯ್ತು, ಕಡಲೆಕಾಯಿ ಮಾರೋನೊಬ್ಬ ಇದ್ದಿದ್ರೆ ಸಾಕಿತ್ತು. ಅತ್ತೆ ಮರಳಲ್ಲಿ ಕಾಲು ಚಾಚಿ ಕೂತು, ಸೊಂಟದಲ್ಲಿದ್ದ ಬೀಗದಕೈ ಗೊಂಚಲು ತೆಗೆದು ನನ್ನ ಕೈಗೆ ಕೊಟ್ಟು, ಅಲೆ ಬಂದಾಗ ಮಕ್ಕಳ ಹಾಗೆ ಕೂಗಿದ್ರು.

ಮರುದಿನ ಮಲ್ಪೆ. ದ್ವೀಪ ದಡದಿಂದ ಸುಮಾರು ಆರು ಕಿಲೋಮೀಟರ್. ಮಳೆಗಾಲದಲ್ಲಿ ದೋಣಿ ಬಿಡಲ್ಲ, ಉಳಿದ ತಿಂಗಳಲ್ಲಿ ಹೋಗಿಬರಬಹುದು. ಟಿಕೆಟ್ ತಗೊಳೋವಾಗಲೇ ಕೇಳಿದೆ, "ವಯಸ್ಸಾದೋರು ಇದ್ದಾರೆ, ಆಗುತ್ತಾ?" ಅಂತ. ದೊಡ್ಡ ಬೋಟು ದ್ವೀಪದ ಹತ್ರ ನಿಲ್ಲುತ್ತೆ, ಅಲ್ಲಿಂದ ಸಣ್ಣ ದೋಣಿಗೆ ಇಳೀಬೇಕು, ಆಮೇಲೆ ಮೊಣಕಾಲುದ್ದ ನೀರಲ್ಲಿ ನಡೀಬೇಕು, ಅಲೆ ಇದ್ರೆ ದೋಣಿ ಕುಣಿಯುತ್ತೆ ಅಂದ್ರು. ನಮ್ಮತ್ತೆಗೆ ಎರಡೂ ಮಂಡಿ ನೋವು. ಹೋದ ವರ್ಷ ಬಚ್ಚಲಲ್ಲಿ ಬಿದ್ದು ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದು ನಿಮಗೆ ನೆನಪಿರಬಹುದು. ನಮ್ಮೆಜಮಾನ್ರು, "ಎತ್ತಿಕೊಂಡಾದ್ರೂ ಹೋಗ್ತೀನಿ ಅಮ್ಮ" ಅಂದ್ರು. ಅವರಿಗೇ ಐವತ್ತೆಂಟು.

ಅತ್ತೆ ಬೋಟನ್ನೂ ನೋಡಿದ್ರು, ಮಗನನ್ನೂ ನೋಡಿದ್ರು. "ನೀವ್ ಹೋಯಿ ಬನ್ನಿ. ನಾನ್ ಇಲ್ಲೇ ಕೂಕಂತೆ" ಅಂದ್ರು. ನಾವು ಎಷ್ಟು ಹೇಳಿದ್ರೂ ಕೇಳಲಿಲ್ಲ. ಮಗ ಅವರ ಜೊತೆ ಉಳಿದ್ರು. ನಾನು ಹೋಗಲ್ಲ ಅಂದ್ರೆ ಗದರಿದ್ರು: "ಇಬ್ಬರೂ ಕೂತ್ರೆ ನಂಗೆ ಬಂದು ಹೇಳೋರು ಯಾರು?" ಹಾಗಾಗಿ ಮಗಳ ಜೊತೆ ನಾನು ಹೋದೆ. ಮನಸ್ಸಿಲ್ಲದ ಮನಸ್ಸಿಂದ ಹೋದೆ ಅಂತಲೇ ಇಟ್ಕೊಳ್ಳಿ.

ಈ ದ್ವೀಪಗಳಿಗೆ ಊರವರು ಇಟ್ಟ ಹೆಸರು ತೋನ್ಸೆಪಾರ್. ಒಂದಲ್ಲ, ನಾಲ್ಕು ಮುಖ್ಯ ದ್ವೀಪಗಳು: ಉತ್ತರ ದ್ವೀಪ, ತೆಂಗಿನ ದ್ವೀಪ, ದರಿಯಾ ಬಹಾದ್ದೂರ್‌ಗಢ, ದಕ್ಷಿಣ ದ್ವೀಪ. ಬಹಾದ್ದೂರ್‌ಗಢದಲ್ಲಿ ಬಿದನೂರಿನ ಬಸಪ್ಪ ನಾಯಕ ಕಟ್ಟಿಸಿದ ಕೋಟೆಯ ಅವಶೇಷ ಇದೆ. ಪ್ರವಾಸಿಗಳ ಬೋಟು ಹೋಗೋದು ತೆಂಗಿನ ದ್ವೀಪಕ್ಕೆ.

ಹಾಗಾದ್ರೆ ಸೇಂಟ್ ಮೇರಿ ಎಲ್ಲಿಂದ ಬಂದಳು? ವಾಸ್ಕೋ ಡ ಗಾಮ ಭಾರತಕ್ಕೆ ಬರುವಾಗ ಮೊದಲು ಇಲ್ಲಿ ಇಳಿದು, ಆಮೇಲೆ ಕಲ್ಲಿಕೋಟೆಗೆ ಹೋದ ಅಂತ ಎಲ್ಲರೂ ಹೇಳ್ತಾರೆ. ನಾನೂ ಮಗಳಿಗೆ ಹಾಗೇ ಹೇಳಿಕೊಟ್ಟಿದ್ದೆ. ಆ ಪ್ರಯಾಣದ ದಿನಚರಿ ಉಳಿದುಬಂದಿದೆ, ಅದರ ಪ್ರಕಾರ ನಡೆದದ್ದು ಹಿಂದುಮುಂದು. ಅವನು ಕಲ್ಲಿಕೋಟೆ ಕಡೆ ಬಂದು ಮುಟ್ಟಿದ್ದು 1498ರ ಮೇ ತಿಂಗಳಲ್ಲಿ. ಅಲ್ಲಿನ ಸಾಮೂದಿರಿ ರಾಜನ ಜೊತೆ ಸರಿಹೋಗದೆ ಆಗಸ್ಟ್ ಕೊನೆಗೆ ಹೊರಟ. ವಾಪಸ್ ಹೋಗೋ ದಾರಿಯಲ್ಲಿ, ಸೆಪ್ಟೆಂಬರಲ್ಲಿ, ದಡದ ಹತ್ತಿರ ಕಂಡ ಸಣ್ಣ ದ್ವೀಪವೊಂದರಲ್ಲಿ ಒಂದು ಕಲ್ಲಿನ ಕಂಬ ನೆಡಿಸಿದ. ಪೋರ್ಚುಗಲ್ ರಾಜ ಅವನ ಕೈಲಿ ಅಂಥ ಮೂರು ಕಂಬ ಕಳಿಸಿದ್ದ: ಒಂದಕ್ಕೆ ಸಂತ ರಾಫೇಲನ ಹೆಸರು, ಒಂದಕ್ಕೆ ಸಂತ ಗೇಬ್ರಿಯಲನ ಹೆಸರು, ಇನ್ನೊಂದಕ್ಕೆ ಸಾಂತಾ ಮರಿಯಾ. ಮೊದಲನೇದು ಆಫ್ರಿಕಾದಲ್ಲಿ ಉಳೀತು, ಎರಡನೇದು ಕಲ್ಲಿಕೋಟೆಗೆ ಹೋಯ್ತು, ಮೂರನೇದು ಈ ದ್ವೀಪಕ್ಕೆ ಬಂತು. ಹೆಸರು ಕಂಬದ್ದು, ಅದು ದ್ವೀಪಕ್ಕೆ ಅಂಟಿಕೊಳ್ತು.

ದೋಣಿಯಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟಾಗ ನನಗೆ ಇದೇ ನಗು ಬಂತು. ಸಾವಿರಾರು ಕಂಬ ತಾನಾಗೇ ನಿಂತಿರೋ ಜಾಗಕ್ಕೆ ಪಾಪ ಅವನು ಅಷ್ಟು ದೂರದಿಂದ ಒಂದು ಕಂಬ ಹೊತ್ಕೊಂಡು ಬಂದಿದ್ದ.

ಅತ್ತೆಯ ಅಣ್ಣಂದಿರು ಸುಳ್ಳು ಹೇಳಿರಲಿಲ್ಲ. ಐದು ಮೂಲೆ, ಆರು ಮೂಲೆ, ಏಳು ಮೂಲೆ. ಒಂದರ ಪಕ್ಕ ಒಂದು, ನಡುವೆ ಕೂದಲು ತೂರೋಷ್ಟು ಜಾಗ ಬಿಟ್ಟು, ಕಂಬಗಳು ಎದ್ದಿವೆ. ಎತ್ತರದವು ಸುಮಾರು ಆರು ಮೀಟರ್, ನಮ್ಮ ಎರಡು ಮಹಡಿ ಮನೆಯಷ್ಟು. ಕೆಲವು ಮುರಿದು ಮೆಟ್ಟಿಲ ಹಾಗೆ, ಕೆಲವು ಮೊಣಕಾಲೆತ್ತರಕ್ಕೆ ನಿಂತು ಮಣೆ ಹಾಕಿದ ಹಾಗೆ. ಮೇಲಿಂದ ನೋಡಿದ್ರೆ ಜೇನುಗೂಡು. ದಡದಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ, ಬರಿಗಾಲಿಗೆ ಚುಚ್ಚುತ್ತೆ. ನಾನು ಆ ಕಂಬದ ಮೈ ಸವರಿ ನೋಡಿದೆ. ಒರಳಿನಷ್ಟು ತರಿ ಇರಲಿಲ್ಲ, ನುಣುಪು ಜಾಸ್ತಿ.

ಇಲ್ಲೇ ವಿಷಯ ಇರೋದು, ಕೇಳಿ. ಈ ಕಲ್ಲನ್ನ ಬಹಳ ಜನ ಬಸಾಲ್ಟ್ ಅಂತಾರೆ, ಕೆಲವರು ಗ್ರಾನೈಟ್ ಅಂತಾರೆ. ಪರೀಕ್ಷೆ ಮಾಡಿದ ಭೂವಿಜ್ಞಾನಿಗಳು ಇದನ್ನ ರಯೋಲೈಟ್, ಡೇಸೈಟ್ ಅನ್ನೋ ಗುಂಪಿಗೆ ಸೇರಿಸ್ತಾರೆ. ಹೆಸರು ಕೇಳಿ ಹೆದರಬೇಡಿ. ರಯೋಲೈಟು ಗ್ರಾನೈಟಿನ ಒಡಹುಟ್ಟು. ಒಳಗಿರೋ ಪದಾರ್ಥ ಹೆಚ್ಚುಕಮ್ಮಿ ಒಂದೇ, ಬೆಂದ ರೀತಿ ಬೇರೆ. ಒಂದೇ ಉದ್ದಿನ ಹಿಟ್ಟು, ಮುಚ್ಚಿಟ್ಟು ಹಬೇಲಿ ಬೇಯಿಸಿದ್ರೆ ಇಡ್ಲಿ, ಕಾವಲಿ ಮೇಲೆ ಹರಡಿದ್ರೆ ದೋಸೆ. ಕರಗಿದ ಕಲ್ಲಿನ ಪಾಕ ಭೂಮಿಯೊಳಗೇ ಆಳದಲ್ಲಿ ಉಳಿದು, ಲಕ್ಷಾಂತರ ವರ್ಷ ನಿಧಾನವಾಗಿ ಆರಿದ್ರೆ ಗ್ರಾನೈಟ್. ಅದೇ ಪಾಕ ಜ್ವಾಲಾಮುಖಿಯಾಗಿ ಮೇಲೆ ಬಂದು ಗಾಳಿಗೆ ಬೇಗ ಆರಿದ್ರೆ ರಯೋಲೈಟ್. ಕಲ್ಲುಸಕ್ಕರೆ ಗೊತ್ತಲ್ಲ, ಪಾಕ ಅಲುಗಾಡಿಸದೆ ನಿಧಾನಕ್ಕೆ ಬಿಟ್ರೆ ದಪ್ಪ ದಪ್ಪ ಹರಳು, ಅವಸರ ಮಾಡಿದ್ರೆ ಪುಡಿ. ಅದಕ್ಕೇ ನಮ್ಮ ಒರಳಲ್ಲಿ ಹರಳು ಕಣ್ಣಿಗೆ ಕಾಣುತ್ತೆ: ಗಾಜಿನ ಹಾಗಿರೋದು ಬೆಣಚು, ಬೆಳ್ಳಗೋ ಗುಲಾಬಿಗೋ ಇರೋದು ಫೆಲ್ಡ್‌ಸ್ಪಾರ್, ಮಿರಮಿರ ಮಿಂಚೋದು ಕಾಗೆಬಂಗಾರ. ದ್ವೀಪದ ಕಲ್ಲಲ್ಲಿ ಹರಳು ಬಹಳ ಸಣ್ಣ. ಹಿಟ್ಟು ರುಬ್ಬೋಕೆ ಆ ಹರಳಿನ ತರಿಯೇ ಬೇಕಾದ್ದು. ಅದು ಸವೆದಾಗಲೇ ಅಲ್ವಾ, ಉಳಿ ಸುತ್ತಿಗೆ ಹಿಡಿದು ಬೀದಿಲಿ ಬರ್ತಿದ್ದ ಹೆಂಗಸರನ್ನ ಕರೆದು ಒರಳಿಗೆ ಏಟು ಹಾಕಿಸ್ತಿದ್ದದ್ದು.

ಕಂಬ ಹೇಗಾಯ್ತು? ಬಿಸಿ ಲಾವಾ ಆರುತ್ತಾ ಕುಗ್ಗುತ್ತೆ. ಕುಗ್ಗಿದಾಗ ಬಿರುಕು ಬಿಡಲೇಬೇಕು. ಒಂದೇ ಸಮ ಆರಿದ್ರೆ ಮೂರು ಬಿರುಕು ಒಂದು ಬಿಂದುವಲ್ಲಿ ಸೇರ್ತವೆ, ಹಾಗೆ ಸೇರ್ತಾ ಸೇರ್ತಾ ಆರು ಮೂಲೆಯ ಬಿಲ್ಲೆಗಳಾಗ್ತವೆ. ಬೇಸಿಗೇಲಿ ಕೆರೆ ಅಂಗಳ ಒಣಗಿದಾಗ ಮಣ್ಣು ಬಿಲ್ಲೆ ಬಿಲ್ಲೆ ಆಗಲ್ವಾ, ಅದರದ್ದೇ ದೊಡ್ಡಕ್ಕ. ತಂಪು ಮೇಲಿಂದ ಕೆಳಕ್ಕೆ ಇಳಿದ ಹಾಗೆ ಬಿರುಕೂ ಇಳಿಯುತ್ತೆ, ಬಿಲ್ಲೆ ಉದ್ದವಾಗಿ ಕಂಬ ಆಗುತ್ತೆ. ಐರ್ಲೆಂಡಿನ ಉತ್ತರ ತೀರದಲ್ಲೂ ಹೀಗೇ ಸಾವಿರಾರು ಕಂಬ ಇವೆ. ಅಲ್ಲಿಯವು ಮಾತ್ರ ನಿಜವಾದ ಬಸಾಲ್ಟ್. ಅದನ್ನ ದೈತ್ಯನೊಬ್ಬ ಕಟ್ಟಿದ ಹಾದಿ ಅಂತಾರೆ ಅಲ್ಲಿನ ಜನ.

ಈ ಲಾವಾ ಹರಿದದ್ದು ಸುಮಾರು ಒಂಬತ್ತು ಕೋಟಿ ವರ್ಷದ ಹಿಂದೆ. ಆಗ ನಮ್ಮ ಪಶ್ಚಿಮ ಕರಾವಳಿಗೆ ಸಮುದ್ರವೇ ಇರಲಿಲ್ಲ, ಪಕ್ಕದಲ್ಲಿ ಅಂಟಿಕೊಂಡಿದ್ದದ್ದು ಮಡಗಾಸ್ಕರ್. ಇಬ್ಬರೂ ಅಕ್ಕತಂಗಿ ಹಾಗೆ ಒಂದೇ ನೆಲ. ಆ ನೆಲ ಸೀಳಿ ಬೇರೆಯಾಗೋ ಸಮಯದಲ್ಲಿ ಬಿರುಕಲ್ಲಿ ಉಕ್ಕಿದ ಬೆಂಕಿಯ ಗುರುತು ಈ ದ್ವೀಪ. ಅದೇ ಕಾಲದ ಜ್ವಾಲಾಮುಖಿ ಕಲ್ಲು ಮಡಗಾಸ್ಕರಿನಲ್ಲೂ ಇದೆ. ಅಲ್ಲಿನ ಪೂರ್ವ ತೀರದ ಹಳೇ ನೈಸು ನಮ್ಮ ಕರ್ನಾಟಕದ ನೈಸಿಗೆ ಹೊಂದುತ್ತೆ. ಆಮೇಲೆ ಭಾರತ ಉತ್ತರಕ್ಕೆ ಹೊರಟು, ಸುಮಾರು ಐದು ಕೋಟಿ ವರ್ಷದ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆದು ಹಿಮಾಲಯ ಎಬ್ಬಿಸ್ತು. ತಂಗಿ ಅಲ್ಲೇ ಆಫ್ರಿಕಾ ಪಕ್ಕ ಉಳಿದಳು. ಈಗ ಮಲ್ಪೆಗೂ ಅವಳಿಗೂ ನಡುವೆ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ನೀರು.

ಕರ್ನಾಟಕದಲ್ಲಿ ಇಂಥ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ನಾಲ್ಕಿವೆ: ಈ ದ್ವೀಪ, ನಮ್ಮ ಲಾಲ್‌ಬಾಗ್ ಬಂಡೆ, ಚಿತ್ರದುರ್ಗದ ಹತ್ರ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರದ ಕಡೆ ಪೆದ್ದಪಲ್ಲಿ. ನಾಲ್ಕರಲ್ಲಿ ಎರಡನ್ನ ನೋಡಿದ ಹಾಗಾಯ್ತು ಅಂತ ಮಗಳು ಲೆಕ್ಕ ಹಾಕಿದಳು. ಅಜ್ಜಿಗೆ ಅಂತ ಬೆರಳುದ್ದದ ಒಂದು ಚೂರು ಕಲ್ಲು ಎತ್ತಿ ಪರ್ಸಿಗೆ ಹಾಕೋಕೆ ಹೋದಳು. ನಾನು ಬೇಡ ಅಂದೆ. ಅವಳಿಗೆ ಕೋಪ ಬಂತು: "ಅಜ್ಜಿ ಬಂದಿಲ್ಲ, ಒಂದು ಕಲ್ಲಾದ್ರೂ ಬೇಡ್ವಾ?" ನನಗೂ ಆಸೆ ಇರಲಿಲ್ಲ ಅಂತಲ್ಲ. ಬಂದೋರೆಲ್ಲ ಒಂದೊಂದು ಚೂರು ತಗೊಂಡ್ರೆ ಒಂಬತ್ತು ಕೋಟಿ ವರ್ಷದ್ದು ನಮ್ಮ ಮೊಮ್ಮಕ್ಕಳ ಕಾಲಕ್ಕೆ ಉಳಿಯುತ್ತಾ? ಇಟ್ಟಳು. ವಾಪಸ್ ಬೋಟಲ್ಲಿ ಮಾತಾಡಲಿಲ್ಲ.

ದಡದಲ್ಲಿ ಅತ್ತೆ ನಾವು ಬಿಟ್ಟುಹೋದ ಜಾಗದಲ್ಲೇ ಇದ್ರು. "ಎಂತ ಕಂಡ್ಯೆ? ಕಲ್ ಹ್ಯಾಂಗಿತ್ತೇ?" ಅಂದ್ರು. ಮೊಬೈಲಲ್ಲಿ ಫೋಟೋ ತೋರಿಸಿದ್ವಿ. ಕನ್ನಡಕ ಸರಿಮಾಡಿಕೊಂಡು ನೋಡಿದ್ರು, ಬಿಸಿಲಿಗೆ ಪರದೆ ಕಾಣಲಿಲ್ಲ. "ಚಂದ ಇತ್ತ್" ಅಂತ ವಾಪಸ್ ಕೊಟ್ಟುಬಿಟ್ರು. ಅವರು ಏನೂ ಸರಿಯಾಗಿ ನೋಡಲಿಲ್ಲ ಅಂತ ನನಗೆ ಗೊತ್ತಾಯ್ತು. ಅದೇ ನನ್ನನ್ನ ಊರಿಗೆ ಬಂದ ಮೇಲೂ ಕೊರೀತಿತ್ತು.

ಆಗ ಓದಿದ್ದು ನೆನಪಾಯ್ತು: ಕಾರ್ನ್‌ಫ್ಲೋರ್ ಗಟ್ಟಿಯಾಗಿ ಕಲಸಿ ಒಣಗಿಸಿದ್ರೆ ಅದರೊಳಗೂ ಇಂಥದೇ ಕಂಬ ಬರುತ್ತೆ ಅಂತ. ಅಲ್ಲಿ ಬಿಸಿ ಹೋಗಿ ಕುಗ್ಗೋದು, ಇಲ್ಲಿ ನೀರು ಹೋಗಿ ಕುಗ್ಗೋದು, ಲೆಕ್ಕ ಒಂದೇ. ಒಂದು ಲೋಟ ಹಿಟ್ಟಿಗೆ ಒಂದು ಲೋಟ ನೀರು ಕಲಸಿ, ಗಾಜಿನ ಬೋಗುಣೀಲಿ ಹಾಕಿ ತಾರಸಿ ಮೇಲಿಟ್ಟೆ. ಮೊದಲನೇ ಸಲ ಸಂಜೆ ಮೋಡ ಹಾಕಿ ನಾಲ್ಕು ಹನಿ ಬಿದ್ದು ಕೆಟ್ಟುಹೋಯ್ತು. ಎರಡನೇ ಸಲ ಅತ್ತೆ ಸಂಡಿಗೆ ಹಿಟ್ಟು ಅಂದುಕೊಂಡು, "ಉಪ್ಪೇ ಹಾಕ್ಲಿಲ್ಯಲ್ಲೇ" ಅಂತ ಕೈಯಾಡಿಸಿಬಿಟ್ರು. ಮೂರನೇ ಸಲ ಒಳಗೇ ಇಟ್ಟು, ಮಗಳ ಓದೋ ದೀಪ ಅದರ ಮೇಲೆ ಉರಿಸಿ, ಯಾರೂ ಮುಟ್ಟಬೇಡಿ ಅಂತ ಚೀಟಿ ಅಂಟಿಸಿದೆ. ಎರಡು ದಿನಕ್ಕೆ ಮೇಲೆ ದೊಡ್ಡ ಬಿರುಕು ಬಂತು. ಒಂದು ವಾರ ಬಿಟ್ಟೆ.

ಅವತ್ತು ಮಧ್ಯಾಹ್ನ ಊಟ ಆದ ಮೇಲೆ ಅತ್ತೆ ಮುಂದೆ ಬೋಗುಣಿ ಇಟ್ಟು, ಒಂದು ಗಡ್ಡೆ ಎತ್ತಿ, ತಿರುಗಿಸಿ ಅವರ ಅಂಗೈಮೇಲಿಟ್ಟೆ. ಮೇಲೆ ನೋಡಿದ್ರೆ ಬರೀ ಒಣಗಿದ ಹಿಟ್ಟು. ಪಕ್ಕದಿಂದ ನೋಡಿದ್ರೆ ಪೆನ್ಸಿಲ್ ಕಡ್ಡಿಯಷ್ಟು ಸಣ್ಣ ಸಣ್ಣ ಕಂಬ, ಸಾಲು ಸಾಲಾಗಿ, ಒಂದಕ್ಕೊಂದು ಅಂಟಿಕೊಂಡು, ಐದು ಮೂಲೆ, ಆರು ಮೂಲೆ. ಅತ್ತೆ ಕಿಟಕಿ ಹತ್ರ ಹೋಗಿ ಬೆಳಕಿಗೆ ಹಿಡಿದ್ರು. ಉಗುರಲ್ಲಿ ಒಂದು ಕಂಬ ಬಿಡಿಸಿ ಮೂಲೆ ಎಣಿಸಿದ್ರು. ಬಹಳ ಹೊತ್ತು ಏನೂ ಹೇಳಲಿಲ್ಲ.

"ಅಣ್ಣ ಹೇಳ್ದ ಹಾಂಗೇ ಇತ್ತ್" ಅಂದ್ರು ಕೊನೆಗೆ. ಆ ಅಣ್ಣ ಹೋಗಿ ಹನ್ನೊಂದು ವರ್ಷ ಆಯ್ತು.

ಆಮೇಲೆ ತಾವೇ ಎದ್ದು ಹಿತ್ತಲಿಗೆ ಹೋದ್ರು. ನಾನೂ ಹಿಂದೆ ಹೋದೆ. ಒಂದು ಚೊಂಬು ನೀರು ಒರಳಿಗೆ ಹುಯ್ದು ಕೈಯಲ್ಲಿ ಉಜ್ಜಿದ್ರು. ಒಣಗಿದಾಗ ಬೂದಿ ಬಣ್ಣ ಇರೋ ಕಲ್ಲು ಒದ್ದೆಯಾದ ಕೂಡಲೇ ಹೇಗೆ ಕಾಣುತ್ತೆ ಅಂತ ನೀವೂ ಒಮ್ಮೆ ನೋಡಿ. ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ, ಎಲ್ಲ ಎದ್ದು ಬಂದ ಹಾಗೆ. ಗುಂಡಿಯ ಒಳಮೈ ಮಾತ್ರ ನುಣ್ಣಗಿತ್ತು. ಅಷ್ಟು ಗಟ್ಟಿ ಕಲ್ಲನ್ನ ಸವೆಸಿದ್ದು ಬರೀ ಅಕ್ಕಿ, ಉದ್ದು, ಕಾಯಿತುರಿ ಮತ್ತೆ ಒಬ್ಬ ಹೆಂಗಸಿನ ಬಲಗೈ.

ಮೈದುನರಿಗೆ ಅವತ್ತೇ ಹೇಳಿದೆ, ಈ ಕಲ್ಲು ಮಣ್ಣಿನ ಜೊತೆ ಹೋಗಲ್ಲ ಅಂತ. ಅವರೂ ಎದುರು ಮಾತಾಡಲಿಲ್ಲ. ಬಿಲ್ಡರ್ ಹತ್ರ ಮಾತಾಡಿ, ಹೊಸ ಕಟ್ಟಡದ ಗೇಟಿನ ಪಕ್ಕ ತುಳಸಿಕಟ್ಟೆ ಹತ್ತಿರ ಇಡೋಕೆ ಜಾಗ ಬರೆಸಿಕೊಂಡಿದ್ದಾರೆ. ಅಲ್ಲಿವರೆಗೆ ಒಂದೂವರೆ ವರ್ಷ ಇದನ್ನ ಇಡೋಕೆ ಜಾಗ ಬೇಕು. ನಾವು ಬಾಡಿಗೆಗೆ ಹೋಗ್ತಿರೋದು ಎರಡನೇ ಮಹಡಿಗೆ, ಅಲ್ಲಿಗೆ ಹತ್ತಿಸೋಕಾಗಲ್ಲ. ರಾಜಾಜಿನಗರ, ವಿಜಯನಗರದ ಕಡೆ ನೆಲಮಾಳಿಗೆಯೋ ಹಿತ್ತಲೋ ಇರೋರು ಯಾರಾದ್ರೂ ಇದ್ರೆ ಹೇಳಿ. ಗುಂಡುಕಲ್ಲು ಬೇರೆ, ಒರಳು ಬೇರೆ, ನಾಲ್ಕು ಜನ ಸೇರಿದ್ರೆ ಎತ್ತಬಹುದು. ಗಾಡಿ ಬಾಡಿಗೆ ನಮ್ಮದು. ಈ ಸಲ ಗಾಡಿಯವನು ಎರಡು ರೂಪಾಯಿ ಹೆಚ್ಚಿಗೆ ಕೇಳಿದ್ರೂ ಕೊಡೋಣ ಅಂತ ಅತ್ತೆ ಹೇಳಿದ್ದಾರೆ.